ಏಳನೆಯ ಕಿಟಕಿಯನ್ನು ನುಡಿಸಿದವರು

ಆರ್ಗನ್ ವಾದಕರ ಲೋಕದಲ್ಲಿ ಹೆಸರು ಗಳಿಸುವ ದಾರಿಗಳು ಹೆಚ್ಚಿಲ್ಲ: ಮಹಾನಗರದ ದೊಡ್ಡ ಚರ್ಚಿನ ಹುದ್ದೆ, ಧ್ವನಿಮುದ್ರಿಕೆಗಳು, ಇಲ್ಲವೇ ಸ್ಪರ್ಧೆಗಳಲ್ಲಿ ತೀರ್ಪುಗಾರರ ಪೀಠ. ಹಾಸೆನ್‌ರೀಡಿನಂಥ ಚಿಕ್ಕ ಊರಿನ ಸಂತ ಯಾಕೋಬರ ಚರ್ಚಿನಲ್ಲಿ ಮೂವತ್ತೊಂಬತ್ತು ವರ್ಷ ಆರ್ಗನ್ ನುಡಿಸಿ, ಗಾಯಕವೃಂದವನ್ನು ನಡೆಸಿ, ಈ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಗೆರ್ಲಿಂಡೆ ಫೆಸ್ಲರ್ ಅವರು ಇವುಗಳಲ್ಲಿ ಯಾವುದನ್ನೂ ಬಯಸಿದವರಲ್ಲ. ಆದರೂ ಕಣ್ಣು ಕಾಣದವರಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ಸಂಗೀತದ ಮೂಲಕ ಕಾಣಿಸುವ ವಿದ್ಯೆಯ ಮಾತು ಬಂದಾಗ, ನಮ್ಮ ಸೀಮೆಯ ಆರ್ಗನ್ ವಾದಕರೆಲ್ಲರೂ ಮೊದಲು ಹೇಳುವ ಹೆಸರು ಅವರದೇ. ಆ ವಿದ್ಯೆ ಕಣ್ಣಿದ್ದ ನಮಗೆ ಏನನ್ನು ಕಾಣಿಸಿತೆಂಬುದನ್ನು ಮಾತ್ರ ಯಾರೂ ಬರೆದಿಲ್ಲ. ಈ ಅಭಿನಂದನ ಸಂಪುಟದ ಸಂಪಾದಕರು ಲೇಖನ ಕೇಳಿದಾಗ ನಾನು ಎರಡು ಬಾರಿ ಒಲ್ಲೆನೆಂದೆ. ಅಭಿನಂದನೆಯ ಮಾತುಗಳನ್ನು ಬರೆಯಬೇಕಾದವನು ಮೊದಲು ತನ್ನ ತಪ್ಪನ್ನು ಬರೆಯಬೇಕಾಗುತ್ತದೆಂಬ ಅಳುಕೇ ಅದಕ್ಕೆ ಕಾರಣ.

ಅವರು 1984ರಲ್ಲಿ ನಮ್ಮೂರಿಗೆ ಬಂದರು. ನಾನು ಅವರ ಶಿಷ್ಯನಾದದ್ದು ಎಂಟು ವರ್ಷಗಳ ಮೇಲೆ, ನನ್ನ ಮೂವತ್ತನೆಯ ವಯಸ್ಸಿನಲ್ಲಿ. ನಾನು ಮಾರುಕಟ್ಟೆ ಚೌಕದ ರಾಪ್ ಬೇಕರಿಯ ಯೋಖೆಮ್ ರಾಪ್. ಬ್ರೆಡ್ಡಿನ ಕೆಲಸ ಮುಗಿದು ಮಧ್ಯಾಹ್ನಗಳು ಖಾಲಿ ಉಳಿಯುತ್ತಿದ್ದವು. ಆರ್ಗನ್ ಕಲಿಯುವ ಆಸೆಯನ್ನು ನಾಚಿಕೊಂಡೇ ಹೇಳಿದಾಗ ಅವರು ನನ್ನ ವಯಸ್ಸನ್ನಾಗಲಿ ಹಿಟ್ಟು ಮೆತ್ತಿದ ಉಗುರುಗಳನ್ನಾಗಲಿ ನೋಡಲಿಲ್ಲ. ಮರುದಿನದಿಂದ ಆರ್ಗನ್ನಿನ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಮಡಚಿಟ್ಟಿರುತ್ತಿತ್ತು, ಅಷ್ಟೇ. ನನ್ನ ತಾಯಿ ತೀರಿಕೊಂಡಾಗ ಶವಸಂಸ್ಕಾರದಲ್ಲಿ ಅವರು ನುಡಿಸಿದ್ದು ಯಾವ ದೊಡ್ಡ ಕೃತಿಯನ್ನೂ ಅಲ್ಲ. ಬನ್ನುಗಳನ್ನು ಚೀಲಕ್ಕೆ ತುಂಬುತ್ತ ನನ್ನಮ್ಮ ತನ್ನಷ್ಟಕ್ಕೆ ಗುನುಗುತ್ತಿದ್ದ ಒಂದು ಜೋಗುಳದ ತುಣುಕನ್ನು. ಗಿರಾಕಿಯಾಗಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಕೆಲವೇ ನಿಮಿಷಗಳಲ್ಲಿ ಅವರು ಅದನ್ನು ಯಾವಾಗ ಕಿವಿಗೆ ಹಾಕಿಕೊಂಡಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಕಿಟಕಿಗಳ ಕಥೆ ಶುರುವಾದದ್ದು 2006ರಲ್ಲಿ, ಶ್ರೀಮತಿ ವಾಲ್ಟ್ರೌಟ್ ಕೀಸೆಲ್ ಅವರಿಂದ. ಹುಟ್ಟಿನಿಂದಲೇ ಕುರುಡಿಯಾಗಿದ್ದ ಅವರು ಜಿಲ್ಲಾ ಕಚೇರಿಯ ಟೆಲಿಫೋನ್ ಆಪರೇಟರಾಗಿ ನಾಲ್ಕು ದಶಕ ದುಡಿದವರು, ಇಡೀ ಜಿಲ್ಲೆಯ ಧ್ವನಿಗಳನ್ನು ಬಲ್ಲವರು, ಮಾತಿನಲ್ಲಿ ಮೆಣಸಿನಕಾಯಿ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಆರ್ಗನ್ನಿನ ಉಪ್ಪರಿಗೆಯಿಂದ ಇಳಿದು ಬರುತ್ತಿದ್ದ ಫೆಸ್ಲರ್ ಅವರ ಹೆಜ್ಜೆ ಗುರುತಿಸಿ ತಡೆದು ನಿಲ್ಲಿಸಿದರು.

"ಗೆರ್ಲಿಂಡೆ, ನಮ್ಮ ಪಾಸ್ಟರ್‌ಗೆ ಸ್ವಲ್ಪ ಹೇಳೇ. ವಾರವಾರ 'ಕಿಟಕಿಯಲ್ಲಿ ಬರೋ ದೇವರ ಬೆಳಕು ನೋಡಿ' ಅಂತಾನೆ. ನಾನೇನು ನೋಡ್ಲಿ, ಅವನ ತಲೇನಾ?"

ಫೆಸ್ಲರ್ ಅವರು ನಕ್ಕರು. ಮನೆಗೆ ಹೋದ ಮೇಲೆ ಆ ನಗು ನಿಂತುಹೋಯಿತೆಂದು ಮುಂದೆ ನನಗೆ ಹೇಳಿದರು. ಇಪ್ಪತ್ತೆರಡು ವರ್ಷ ಹನ್ನೊಂದು ಕಿಟಕಿಗಳ ನಡುವೆ ಕೂತು ನುಡಿಸಿದ್ದೇನೆ, ಕೆಳಗೆ ಕತ್ತಲಲ್ಲಿ ಕೂತವಳೊಬ್ಬಳು ಇದ್ದಾಳೆಂದು ಒಮ್ಮೆಯೂ ಹೊಳೆಯಲಿಲ್ಲವಲ್ಲ ಎಂದು.

ಮುಂದಿನ ಶನಿವಾರ ಅವರು ಸಂತ ಯಾಕೋಬರ ಕಿಟಕಿಯನ್ನು ಕುರಿತು ಒಂದು ಭಾವಪೂರ್ಣ ರಚನೆಯನ್ನು ನುಡಿಸಿದರು. ನನಗಂತೂ ಕಣ್ಣು ತುಂಬಿತು. ವಾಲ್ಟ್ರೌಟ್ ಅವರು ತಲೆಯಾಡಿಸಿದರು.

"ಚೆನ್ನಾಗಿದೆ. ಆದ್ರೆ ಇದು ಕಿಟಕಿ ಅಲ್ಲ ಕಣೇ, ಪಾಯಸ. ನೀಲಿ ಎಲ್ಲಿ ಮುಗಿಯತ್ತೆ ಹೇಳು? ಅವನ ಟೋಪಿ ಎಷ್ಟು ದೊಡ್ಡದು? ನಿನ್ನ ಮನಸ್ಸಿಗೆ ಏನನ್ನಿಸ್ತು ಅಂತ ನಾನು ಕೇಳ್ಲಿಲ್ಲ. ಅಲ್ಲಿ ಏನಿದೆ ಅಂತ ಕೇಳ್ದೆ."

ಆ ಮಾತಿನಿಂದ ಒಂದು ಪದ್ಧತಿ ಹುಟ್ಟಿತು. ಫೆಸ್ಲರ್ ಅವರು ಗಾಜಿನ ಒಂದೊಂದು ತುಂಡನ್ನೂ ಎಣಿಸಿದರು. ಕೆಳಗಿನ ಗಾಜಿಗೆ ತಗ್ಗಿನ ಸ್ವರ, ಮೇಲಿನದಕ್ಕೆ ಎತ್ತರದ ಸ್ವರ. ದೊಡ್ಡ ತುಂಡಾದರೆ ಸ್ವರ ನಿಲ್ಲುವುದು ಹೆಚ್ಚು ಹೊತ್ತು, ಚಿಕ್ಕದಾದರೆ ಕಡಿಮೆ. ತುಂಡುಗಳನ್ನು ಬೆಸೆಯುವ ಸೀಸದ ಪಟ್ಟಿ ಬಂದಲ್ಲಿ ಚಿಟಿಕೆಯಷ್ಟು ಮೌನ. ಬಣ್ಣಕ್ಕೊಂದು ಆರ್ಗನ್ ಕೊಳವೆಗಳ ಸಾಲು: ನೀಲಿಗೆ ಕೊಳಲಿನಂಥದ್ದು, ಕೆಂಪಿಗೆ ತುತ್ತೂರಿಯಂಥದ್ದು, ಹಳದಿಗೆ ಗಾಳಿಯಲ್ಲಿ ಮಿನುಗುವ ಸಣ್ಣ ಕೊಳವೆಗಳು. ಮನುಷ್ಯರ ಮುಖಗಳಿಗೆ ಮಾತ್ರ, ತುದಿ ಮುಚ್ಚಿದ ಮರದ ಕೊಳವೆಗಳ ಒಂದು ಹಳೆಯ ಸಾಲನ್ನು ಅವರು ಮೀಸಲಿಟ್ಟರು. ಯಾರೋ ತುಟಿ ಬಿಚ್ಚದೆ ಗುನುಗಿದಂತೆ ಕೇಳುವ ಆ ಧ್ವನಿಯನ್ನು ಬೇರೆ ಯಾವುದಕ್ಕೂ ಬಳಸುತ್ತಿರಲಿಲ್ಲ. ವಾಲ್ಟ್ರೌಟ್ ಅವರ ಜೊತೆಗೆ ಅಂಧರ ಸಂಘದಿಂದ ಹತ್ತು ಹನ್ನೆರಡು ಮಂದಿ ಬಸ್ಸಿನಲ್ಲಿ ಬರತೊಡಗಿದರು. ಅವರ ಹಿಂದೆ ಕುತೂಹಲಕ್ಕಾಗಿ ಊರವರೂ ಬಂದರು. ಶನಿವಾರ ಮೂರು ಗಂಟೆಯೆಂದರೆ ಹಾಸೆನ್‌ರೀಡಿನಲ್ಲಿ ಕಿಟಕಿಯ ಹೊತ್ತು ಎಂದಾಯಿತು. ಒಂದು ಕಿಟಕಿಯನ್ನು ಸಿದ್ಧಪಡಿಸಲು ಫೆಸ್ಲರ್ ಅವರಿಗೆ ಒಂದು ವರ್ಷ ಹಿಡಿಯುತ್ತಿತ್ತು.

2012ರ ಬೇಸಿಗೆಯಲ್ಲಿ ಏಳನೆಯ ಕಿಟಕಿಯ ಸರದಿ ಬಂತು. ಉತ್ತರದ ಗೋಡೆಯ ಆ ಕಿಟಕಿಯಲ್ಲಿ ಇರುವುದು ಬೈಬಲಿನ ಗೋಧಿ ಮತ್ತು ಕಳೆಯ ದೃಷ್ಟಾಂತ: ಒಕ್ಕಲಿಗನು ಗೋಧಿಯನ್ನು ಕಣಜಕ್ಕೆ ತುಂಬಿ, ಕಳೆಯನ್ನು ಕಂತೆ ಕಟ್ಟಿ ಬೆಂಕಿಗೆ ಹಾಕುವ ಚಿತ್ರ. ಕೆಳಗಿನ ಹಿತ್ತಾಳೆಯ ಫಲಕದಲ್ಲಿ 'ಬೇಕರಿಯ ಗಾಟ್‌ಲೀಬ್ ರಾಪ್ ಅವರ ಕಾಣಿಕೆ, 1936' ಎಂದಿದೆ. ಅವರು ನನ್ನ ತಾತ. ನನಗೆ ಎಂಟು ವರ್ಷವಾಗಿದ್ದಾಗ ತೀರಿಕೊಂಡರು. ಬೆಚ್ಚಗಿನ ಗಸಗಸೆ ಬನ್ನನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಕೊಡುತ್ತಿದ್ದ ಕೈಯಾಗಿ ನನ್ನ ನೆನಪಿನಲ್ಲಿದ್ದರು. ಆಗ ನಾನು ಚರ್ಚಿನ ಮಂಡಳಿಯ ಕಾರ್ಯದರ್ಶಿಯಾಗಿದ್ದೆ. ನಮ್ಮ ಮನೆಯ ಕಿಟಕಿಯೂ ಕೊನೆಗೆ ಹಾಡುತ್ತದೆಂದು ಹೆಮ್ಮೆಪಡುತ್ತಿದ್ದೆ.

ಆ ತಿಂಗಳು ಸೂರಿನ ದುರಸ್ತಿಗಾಗಿ ಉತ್ತರದ ಗೋಡೆಗೆ ಸಾರುವೆ ಕಟ್ಟಿದ್ದರು. ಐವತ್ತೈದರ ಫೆಸ್ಲರ್ ಅವರು ಟಿಪ್ಪಣಿ ಪುಸ್ತಕವನ್ನು ಸೊಂಟಕ್ಕೆ ಕಟ್ಟಿಕೊಂಡು ಅದರ ತುದಿಯವರೆಗೂ ಹತ್ತಿದರು. ಮರುದಿನ, ಬುಧವಾರ, ಬೇಕರಿಗೆ ಬಂದರು. ಎಂದಿನಂತೆ ಕಾಫಿ ಕೇಳಲಿಲ್ಲ.

"ಯೋಖೆಮ್, ನೀನು ಒಂದ್ಸಲ ನನ್ನ ಜೊತೆ ಮೇಲೆ ಹತ್ತಬೇಕು."

"ಮಂಡಿ ನೋವು ಫ್ರೌ ಫೆಸ್ಲರ್. ಏಣಿ ಗೀಣಿ ಆಗಲ್ಲ ನನಗೆ."

"ಶನಿವಾರದೊಳಗೆ ಹತ್ತು. ನಿಮ್ಮ ಮನೆ ಕಿಟಕಿ ಅದು. ಬೇರೆಯವರ ಬಾಯಿಂದ ನೀನು ಕೇಳಬಾರದು."

ಆಗಲಿ ಎಂದೆ, ಹತ್ತಲಿಲ್ಲ. ಗುರುವಾರ ಒಲೆಯ ರಿಪೇರಿಯ ನೆಪ, ಶುಕ್ರವಾರ ಮದುವೆಯ ಕೇಕಿನ ನೆಪ. ನನಗೇನೂ ಸುಳಿವಿರಲಿಲ್ಲವೆಂದರೆ ಅದು ಅರ್ಧ ಸತ್ಯ. ನನ್ನ ತಂದೆ ಆ ಕಿಟಕಿಯ ಕೆಳಗೆ ಎಂದೂ ಕೂತವರಲ್ಲ. ಅದನ್ನು ದಾಟುವಾಗ ನನ್ನ ಕೈಹಿಡಿದು ಬೇಗ ಬೇಗ ನಡೆಸುತ್ತಿದ್ದರು. ಯಾಕೆಂದು ಐವತ್ತು ವರ್ಷ ನಾನು ಕೇಳಿರಲಿಲ್ಲ.

ಶನಿವಾರ ಚರ್ಚು ತುಂಬಿತ್ತು. ಫೆಸ್ಲರ್ ಅವರು ಉಪ್ಪರಿಗೆಯ ಕಟಕಟೆಯಿಂದ ಬಾಗಿ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಿದೆ. ಅವರು ಕೂತು ನುಡಿಸತೊಡಗಿದರು. ಕೆಳಗಿನ ಕಂದು ನೆಲ, ಹಳದಿಯ ಗೋಧಿ, ಕವೆಗೋಲು ಹಿಡಿದ ಒಕ್ಕಲಿಗ, ಅವನ ಮುಖಕ್ಕೆ ಆ ಮುಚ್ಚಿದ ಮರದ ಕೊಳವೆಯ ಒಂದು ಉದ್ದನೆಯ ಸ್ವರ. ಬಳಿಕ ಮೇಲಿನ ಬಲಮೂಲೆಯ ಬೆಂಕಿ: ತುತ್ತೂರಿಗಳು ಒಂದರ ಮೇಲೊಂದು ಏರಿ ಎದೆ ನಡುಗಿಸಿದವು. ಆ ತುತ್ತೂರಿಗಳ ನಡುವೆ, ಥಟ್ಟನೆ, ಅದೇ ಮರದ ಕೊಳವೆ. ತೀರ ಸಣ್ಣಗೆ. ಒಂದು. ಮತ್ತೆ ತುತ್ತೂರಿ. ಇನ್ನೊಂದು. ಹೀಗೆ ಐದು ಸಲ.

ವಾಲ್ಟ್ರೌಟ್ ಅವರು ಎದ್ದು ನಿಂತರು. ಕೈಕೋಲು ಕಲ್ಲುನೆಲಕ್ಕೆ ಬಿದ್ದ ಸದ್ದು ಆರ್ಗನ್ನಿಗಿಂತ ಜೋರಾಗಿ ಕೇಳಿಸಿತು.

"ಗೆರ್ಲಿಂಡೆ, ನಿಲ್ಸು! ಬೆಂಕಿ ಒಳಗೆ ಜನ ಇದಾರೆ!"

ಆರ್ಗನ್ ನಿಂತಿತು. ಮುನ್ನೂರು ಜನ ಒಟ್ಟಿಗೆ ತಲೆಯೆತ್ತಿದೆವು. ಎಪ್ಪತ್ತಾರು ವರ್ಷ ಎಲ್ಲರೂ ಕಂಡಿದ್ದ ಕಿಟಕಿ ಅದು. ಕೆಳಗಿನಿಂದ ಜ್ವಾಲೆಯ ತುದಿಯ ಬಿಳಿ ಕಿಡಿಗಳಂತೆ ಕಾಣುತ್ತಿದ್ದ ಐದು ಚುಕ್ಕೆಗಳು, ಅವು ಮುಖಗಳೆಂದು ತಿಳಿದ ಕೂಡಲೇ, ಮತ್ತೆಂದೂ ಕಿಡಿಗಳಾಗಿ ಕಾಣಲಿಲ್ಲ. ಯಾರೋ ಹೆಂಗಸು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಆಗ ಹಿಂದಿನ ಸಾಲಿನಿಂದ, ತೊಂಬತ್ತು ವರ್ಷದ ಒಟ್ಟಿಲೀ ಹಾಗ್ ಎಂಬ ಅಜ್ಜಿ, ಪಕ್ಕದವರಿಗೆ ಹೇಳುವಂತೆ ಹೇಳಿದ ಮಾತು ಇಡೀ ಚರ್ಚಿಗೆ ಕೇಳಿಸಿತು.

"ಅದು ಲಿಲಿಯನ್‌ಫೆಲ್ಡ್ ಮನೆಯವರು. ಚೌಕದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ರಲ್ಲ, ಯೆಹೂದ್ಯರು. ಕಿಟಕಿ ಇಟ್ಟಾಗ ನಮ್ಮನ್ನ ಸ್ಕೂಲಿಂದ ಕರ್ಕೊಂಡು ಬಂದು ತೋರಿಸಿದ್ರು. ನಾವೆಲ್ಲ ನಕ್ಕಿದ್ವಿ."

ಅಜ್ಜಿ ನನ್ನತ್ತ ತಿರುಗಿದರು. "ಕವೆಗೋಲು ಹಿಡ್ಕೊಂಡಿರೋನು ನಿಮ್ಮ ತಾತ ಕಣಪ್ಪ."

ಸೋಮವಾರ ಮಂಡಿನೋವು ಮರೆತು ಸಾರುವೆ ಹತ್ತಿದೆ. ನಾಣ್ಯದಷ್ಟೇ ಅಗಲದ ಮುಖಗಳು. ಆದರೆ ಬರೆದವನು ನುರಿತವನು. ಕನ್ನಡಕದ ಒಬ್ಬ ಗಂಡಸು, ಹೆಂಡತಿ, ಮುದುಕಿ, ಹುಡುಗ, ಅವನಿಗಿಂತ ಚಿಕ್ಕ ಹುಡುಗಿ. ಹುಡುಗಿಯ ಬಾಯಿ ತೆರೆದಿತ್ತು. ಕೆಳಗೆ ಕವೆಗೋಲು ಹಿಡಿದವನ ಮುಖದಲ್ಲಿ, ಪ್ರತಿ ಬೆಳಿಗ್ಗೆ ನಾನು ಕ್ಷೌರ ಮಾಡಿಕೊಳ್ಳುವ ಗಲ್ಲ ಇತ್ತು. ಬಟ್ಟೆ ಅಂಗಡಿಯಿದ್ದ ಕಟ್ಟಡ ಯಾವುದೆಂದು ಆ ಸಂಜೆ ಊರಿನ ದಾಖಲೆಗಳಲ್ಲಿ ನೋಡಿದೆ. ಅದು ನಾನು ಹುಟ್ಟಿದ ಮನೆ, ನಮ್ಮ ಬೇಕರಿ. ಅದರ ಮುಂದೆ 'ರಾಪ್ ಬೇಕರಿ, ಈ ಮನೆಯಲ್ಲಿ 1938ರಿಂದ' ಎಂಬ ಫಲಕ ತೂಗುತ್ತಿತ್ತು. ಯೆಹೂದ್ಯರ ಅಂಗಡಿಗಳು ಬಲವಂತವಾಗಿ ಕೈ ಬದಲಾದ ವರ್ಷ ಅದು. ಆ ಅಕ್ಷರಗಳಿಗೆ ಎರಡು ಸಲ ನಾನೇ ಚಿನ್ನದ ಬಣ್ಣ ಬಳಿಸಿದ್ದೆ.

ಇಷ್ಟಾದ ಮೇಲೆ ನಾನು ಮಾಡಿದ್ದನ್ನು ಓದುಗರು ದಯವಿಟ್ಟು ಹಗುರವಾಗಿ ನೋಡಬಾರದು. ಮಂಡಳಿಯ ಸಭೆ ಕರೆದೆ. ಸಾರುವೆಯ ಸುರಕ್ಷತೆಯ ಕಾರಣದಿಂದ ಶನಿವಾರದ ಕಾರ್ಯಕ್ರಮವನ್ನು ನಿಲ್ಲಿಸಲಾಗಿದೆಯೆಂದು ನಿರ್ಣಯ ಬರೆದೆ. ಉಪ್ಪರಿಗೆಯ ಬಾಗಿಲಿಗೆ ಹೊಸ ಬೀಗ ಹಾಕಿಸಿದೆ. ಭಾನುವಾರ ಬೆಳಿಗ್ಗೆ ಮಾತ್ರ ತೆರೆಯತಕ್ಕದ್ದೆಂದು ಆದೇಶಿಸಿದೆ. ಇಪ್ಪತ್ತು ವರ್ಷ ನನಗೆ ಕಲಿಸಿದವರ ಕೈಗೆ ಆ ಪತ್ರವನ್ನು ನಾನೇ ಕೊಟ್ಟೆ. ಅವರು ನಿಂತಲ್ಲೇ ಓದಿದರು.

"ಸುರಕ್ಷತೆ ಅಂತ ಬರ್ದಿದೀಯ. ಯಾರ ಸುರಕ್ಷತೆ ಯೋಖೆಮ್?"

ಅವರು ಪತ್ರವನ್ನು ಮಡಚಿ ಸಂಗೀತದ ಚೀಲಕ್ಕೆ ಹಾಕಿಕೊಂಡು ಹೋದರು. ಪತ್ರಿಕೆಗಳಿಗೆ ಬರೆಯಲಿಲ್ಲ, ಮೇಲಿನವರಿಗೆ ದೂರಲಿಲ್ಲ. ಆದರೆ ಮುಂದಿನ ಶನಿವಾರ ಮೂರು ಗಂಟೆಗೆ ಬಂದು, ಏಳನೆಯ ಕಿಟಕಿಯ ಕೆಳಗಿನ ಬೆಂಚಿನಲ್ಲಿ ವಾಲ್ಟ್ರೌಟ್ ಅವರ ಪಕ್ಕದಲ್ಲಿ ಕೂತು, ಬಸ್ಸಿನಲ್ಲಿ ಬಂದವರೆಲ್ಲ ಸುತ್ತ ಸೇರಿದ ಮೇಲೆ, ಆ ಕಿಟಕಿಯ ನಾನೂರ ಹನ್ನೆರಡು ಗಾಜುಗಳನ್ನು ಒಂದೊಂದಾಗಿ ಬಾಯಲ್ಲೇ ಗುನುಗಿದರು. ಹನ್ನೊಂದು ಶನಿವಾರ ಹಾಗೆಯೇ ಗುನುಗಿದರು. ಬಾಗಿಲ ಸಂದಿನಿಂದ ನಾನು ನಾಲ್ಕು ಸಲ ಕೇಳಿಸಿಕೊಂಡು ಹೊರಟುಹೋದೆ.

ಊರು ನನಗೆ ಛೀಮಾರಿ ಹಾಕುತ್ತದೆಂದು ಕಾದಿದ್ದೆ. ಹಾಗಾಗಲಿಲ್ಲ. ಗಿರಾಕಿಗಳು ಹೆಚ್ಚಿದರು, ಬೆನ್ನು ತಟ್ಟಿದರು. ಸೆಪ್ಟೆಂಬರಿನ ಒಂದು ಶನಿವಾರ, ನಲವತ್ತು ವರ್ಷಗಳಿಂದ ನಮ್ಮಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದ ನಿವೃತ್ತ ಪಶುವೈದ್ಯರೊಬ್ಬರು ಗಲ್ಲಾಪೆಟ್ಟಿಗೆಯ ಮೇಲೆ ಬಾಗಿದರು.

"ಒಳ್ಳೇ ಕೆಲಸ ಮಾಡ್ದೆ ಕಣಯ್ಯ ರಾಪ್. ಆ ಹೆಂಗಸಿನ ಬಾಯಿ ಮುಚ್ಚಿಸ್ದೆ. ಅಲ್ಲ, ಈಗ ದೂರು ಹೇಳೋಕಾದ್ರೂ ಅವರಲ್ಲಿ ಯಾರು ಉಳಿದಿದಾರೆ? ಹ್ಹ! ನಾಲ್ಕು ಬ್ರೆಟ್ಸೆಲ್ ಹಾಕು."

ನಾನು ನಾಲ್ಕು ಬ್ರೆಟ್ಸೆಲ್ ರೊಟ್ಟಿ ಚೀಲಕ್ಕೆ ಹಾಕಿದೆ. ಕೊಟ್ಟೆ. "ಮತ್ತೆ ಬನ್ನಿ" ಎಂದೆ. ಅವರು ಹೋದ ಮೇಲೆ ನನ್ನ ಕೈಗಳನ್ನು ನೋಡಿಕೊಂಡೆ. ಅವು ಎಂದಿನಂತೆ ನೆಟ್ಟಗಿದ್ದವು. ಒಂದಿಷ್ಟೂ ನಡುಗಿರಲಿಲ್ಲ. ಸಾರುವೆಯ ಮೇಲೆ ಕಂಡದ್ದಕ್ಕಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು. ಅಂಗಡಿಯ ಬಾಗಿಲೆಳೆದು, ಏಪ್ರನ್ನಿನಲ್ಲೇ ಚರ್ಚಿಗೆ ಓಡಿದೆ. ಅವರು ಬೆಂಚಿನಲ್ಲಿ ಕೂತು ಗುನುಗುತ್ತಿದ್ದರು. ಬೆಂಕಿಯ ಹತ್ತಿರ ಬಂದಿದ್ದರು. ನಾನು ಬೀಗದ ಕೈ ಚಾಚಿದೆ. ಅವರು ಗುನುಗುವುದನ್ನು ನಿಲ್ಲಿಸದೆ, ಐದು ಮುಖಗಳನ್ನೂ ಮುಗಿಸಿ, ಆಮೇಲೆ ತಲೆಯೆತ್ತಿದರು.

"ನನಗೆ ಕೊಡಬೇಡ. ಹಾಕಿಸಿದವನು ನೀನು, ನೀನೇ ತೆಗಿ."

ತೆಗೆದೆ. ಹಿಂದಿನಿಂದ ವಾಲ್ಟ್ರೌಟ್ ಅವರ ಧ್ವನಿ ಬಂತು: "ಯಾರದು, ಬೇಕರಿಯವನಾ? ಯೀಸ್ಟ್ ವಾಸನೆ. ಕೂತ್ಕೊಳಯ್ಯ, ಕಿಟಕಿಗೆ ಬೆನ್ನು ಹಾಕಬೇಡ."

ಆ ದಿನ ಫೆಸ್ಲರ್ ಅವರು ತಮ್ಮ ಚೀಲದಿಂದ ಒಂದು ಕಡತ ತೆಗೆದು ತೋರಿಸಿದರು. ನಾನು ಬೀಗ ಹಾಕಿಸಿದ ವಾರದಿಂದಲೇ ಅವರು ದಾಖಲೆಗಳ ಬೆನ್ನುಹತ್ತಿದ್ದರು. ತಂದೆ ಯೂಲಿಯುಸ್, ತಾಯಿ ಸೆಲ್ಮಾ, ಅಜ್ಜಿ ಫ್ಯಾನಿ, ಮಗಳು ಎಡಿತ್: ನಾಲ್ವರನ್ನೂ 1942ರಲ್ಲಿ ಪೂರ್ವಕ್ಕೆ ಹೊರಟ ರೈಲಿಗೆ ತುಂಬಿದ್ದರು. ಯಾರೂ ಮರಳಲಿಲ್ಲ. ಮಗ ವೆರ್ನರ್‌ನನ್ನು ಮಾತ್ರ ಅದಕ್ಕೆ ಮೊದಲೇ ದೂರದ ಸಂಬಂಧಿಯೊಬ್ಬರು ಸಮುದ್ರದಾಚೆಯ ಮಾಂಟೆವಿಡಿಯೊಕ್ಕೆ ಕರೆಸಿಕೊಂಡಿದ್ದರು. ಅವರು ಬದುಕಿದ್ದರು. ಫೆಸ್ಲರ್ ಅವರ ಮೂರನೆಯ ಪತ್ರಕ್ಕೆ ಉತ್ತರ ಬರೆದಿದ್ದರು.

2013ರ ಮೇ ತಿಂಗಳಲ್ಲಿ, ಎಂಬತ್ತೈದರ ವೆರ್ನರ್ ಲಿಲಿಯನ್‌ಫೆಲ್ಡ್ ಅವರು ಮೊಮ್ಮಗಳ ತೋಳು ಹಿಡಿದು ನಮ್ಮ ಚೌಕದಲ್ಲಿ ಇಳಿದರು. ಅಷ್ಟರಲ್ಲಿ ನಾನು ಅಂಗಡಿಯ ಫಲಕವನ್ನು ಇಳಿಸಿದ್ದೆ; ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ನಮ್ಮ ಅಜ್ಜಿಯರ ಜೊತೆಗೇ ಸತ್ತುಹೋಯಿತೆಂದು ನಾವು ತಿಳಿದಿದ್ದ ಊರಮಾತಿನಲ್ಲಿ ಹೇಳಿದರು:

"ಗಾಟ್‌ಲೀಬ್ ಥರಾನೇ ಇದೀಯಪ್ಪ. ನನಗೆ ಗಸಗಸೆ ಬನ್ನು ಕೊಡ್ತಿದ್ದ ಅವನು. ಏಪ್ರನ್ ಜೇಬಿಂದ ತೆಗೆದು. ಕಿಟಕಿ ಇಟ್ಟ ಮೇಲೂ ಕೊಡ್ತಿದ್ದ."

ತಾತನನ್ನು ರಾಕ್ಷಸನೆಂದು ತಳ್ಳಿಹಾಕಿ ನೆಮ್ಮದಿಯಾಗಿರಬಹುದೆಂಬ ಆಸೆಯೊಂದು ನನ್ನಲ್ಲಿ ಉಳಿದಿದ್ದರೆ, ಅದು ಆ ಮೆಟ್ಟಿಲ ಮೇಲೆ ಮುಗಿಯಿತು.

ಮಧ್ಯಾಹ್ನ ಅವರು ಬೆಂಚಿನಲ್ಲಿ ವಾಲ್ಟ್ರೌಟ್ ಅವರ ಪಕ್ಕ ಕೂತರು. ಕಣ್ಣಿದ್ದರೂ ಅವರು ಕಿಟಕಿಯನ್ನು ನೋಡಲೊಲ್ಲದೆ ಕಣ್ಣು ಮುಚ್ಚಿಕೊಂಡರು. ಫೆಸ್ಲರ್ ಅವರು ಕಿಟಕಿಯನ್ನು ಆದಿಯಿಂದ ಅಂತ್ಯದವರೆಗೆ, ಎಂದಿನ ನಿಯಮದಂತೆ, ಕೂಡಿಸದೆ ಕಳೆಯದೆ ನುಡಿಸಿದರು. ಮುಗಿದ ಮೇಲೆ ವೆರ್ನರ್ ಅವರು ಕತ್ತೆತ್ತಿ ಉಪ್ಪರಿಗೆಯತ್ತ ಕೇಳಿದರು.

"ಎಡಿತ್ ಯಾವುದಮ್ಮ ಅದರಲ್ಲಿ?"

"ಕೊನೆಯದು. ಎಲ್ಲಕ್ಕಿಂತ ಚಿಕ್ಕ ಗಾಜು."

"ಅಷ್ಟು ಚಿಕ್ಕದಾ?" ಮುದುಕರು ತಲೆಯಾಡಿಸಿದರು. "ಇಲ್ಲಮ್ಮ, ಅದು ಸಾಲಲ್ಲ. ನನ್ನ ತಂಗಿ ಬಾಯಿ ಮುಚ್ಚಿದ್ದೇ ಇಲ್ಲ. ಊಟಕ್ಕೆ ಕೂತ್ರೂ ಮಾತು, ನಿದ್ದೇಲೂ ಮಾತು. ನಮ್ಮಪ್ಪ ಕಿವಿಗೆ ಹತ್ತಿ ತುರುಕ್ಕೊಳ್ತಿದ್ದ."

ಯಾರೋ ನಕ್ಕರು, ನಗುತ್ತಿದ್ದಂತೆ ಅಳತೊಡಗಿದರು. ಏಳು ವರ್ಷಗಳಲ್ಲಿ ಗಾಜಿನ ಅಳತೆಯನ್ನು ಎಂದೂ ಮೀರದಿದ್ದ ಫೆಸ್ಲರ್ ಅವರು ಮರದ ಕೊಳವೆಯ ಆ ಒಂದೇ ಸ್ವರವನ್ನು ಮತ್ತೆ ಒತ್ತಿದರು, ಒತ್ತಿ ಬೆರಳು ತೆಗೆಯಲಿಲ್ಲ. ಅದು ಕಂಬಗಳನ್ನು ದಾಟಿ, ನಮ್ಮ ಕೆಮ್ಮು ನಿಟ್ಟುಸಿರುಗಳನ್ನು ದಾಟಿ ನಿಂತೇ ಇತ್ತು. ವೆರ್ನರ್ ಅವರು ಮೆಲ್ಲನೆ ಕೈಯೆತ್ತಿ "ಹ್ಞೂಂ, ಈಗ ಅವಳು" ಎನ್ನುವವರೆಗೂ ನಿಂತಿತ್ತು.

ಕಿಟಕಿಯನ್ನು ಕಿತ್ತುಹಾಕೋಣವೆಂದು ಮಂಡಳಿ ಕೇಳಿಕೊಂಡಾಗ ವೆರ್ನರ್ ಅವರೇ ಬೇಡವೆಂದರು. ಹಿತ್ತಾಳೆಯ ಫಲಕದ ಪಕ್ಕದಲ್ಲಿ ಈಗ ಐದು ಹೆಸರುಗಳ ಕಲ್ಲಿದೆ. ಎರಡನ್ನೂ ಓದದೆ ಮುಂದೆ ಹೋಗುವಂತಿಲ್ಲ. ಅಂದಿನಿಂದ ಎಡಿತ್‌ಳ ಆ ಒಂದು ಗಾಜಿಗೆ ಅಳತೆಯಿಲ್ಲ.

ಡಿಸೆಂಬರಿನಲ್ಲಿ ಶ್ರೀಮತಿ ಫೆಸ್ಲರ್ ಅವರ ಹುದ್ದೆ ಮುಗಿಯುತ್ತದೆ; ಕೆಲಸ ಮುಗಿಯುವುದಿಲ್ಲ. ಏಳನೆಯದರ ಬಳಿಕ ಅವರು ವರ್ಷಕ್ಕೊಂದರ ಲೆಕ್ಕ ಬಿಟ್ಟು ನಿಧಾನವಾಗಿ ಮುಂದುವರಿದರು; ಹನ್ನೊಂದರಲ್ಲಿ ಇನ್ನೂ ಎರಡು ಕಿಟಕಿಗಳು ಮೂಕವಾಗಿವೆ. "ನಿವೃತ್ತಿ ಗಿವೃತ್ತಿ ಎಲ್ಲ ಮಂಡಳಿಯೋರಿಗೆ, ನನಗೆ ಎರಡು ಕಿಟಕಿ ಬಾಕಿ ಇದೆ" ಎಂದು ಎಂಬತ್ತರ ವಾಲ್ಟ್ರೌಟ್ ಅವರು ಈಗಾಗಲೇ ಸಾರಿಬಿಟ್ಟಿದ್ದಾರೆ. ಏಳನೆಯದನ್ನು ಇನ್ನುಮುಂದೆ ನಾನು ನುಡಿಸಬೇಕೆಂಬುದು ಫೆಸ್ಲರ್ ಅವರ ಅಪ್ಪಣೆ. ಮೂರು ತಿಂಗಳಿಂದ ಮಧ್ಯಾಹ್ನಗಳಲ್ಲಿ ಕಲಿಯುತ್ತಿದ್ದೇನೆ. ನನ್ನ ತಾತನ ಸ್ವರವನ್ನು ಒತ್ತುವಾಗ ನನ್ನ ಕೈ ನಡುಗುತ್ತದೆ. ಎಡಿತ್‌ಳದನ್ನು ಒತ್ತಿದಾಗ, ಭಾರ ತಾಳದೆ, ಬೆರಳು ತಾನಾಗಿ ಮೇಲೇಳಲು ನೋಡುತ್ತದೆ. ಆಗೆಲ್ಲ ಬೆನ್ನ ಹಿಂದಿನಿಂದ ಒಂದು ಶಾಂತವಾದ ಧ್ವನಿ ಕೇಳಿಬರುತ್ತದೆ: "ಎತ್ತಬೇಡ ಯೋಖೆಮ್. ಅವಳ ಮಾತು ಮುಗಿದಿಲ್ಲ."

ಆ ಧ್ವನಿ ನನ್ನ ಬೆನ್ನ ಹಿಂದೆ ಬಹುಕಾಲ ಇರಲಿ.